ಸೋಮವಾರದ್ದು ಸಾರು ಬ್ಯಾಡ ಅಂದಾರ

ಎರಡು ವರ್ಷ ನಮ್ಮ ಮನೆಯಲ್ಲಿ ಒಂದೇ ಮಾತು ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು. ‘ಸಾರು ಹೇಳ್ಯಾರ.’

ಸಾರು ಎಂದರೆ ಒಲೆಯ ಮೇಲೆ ಕುದಿಯುವ ಸಾರಲ್ಲ. ಆದೋನಿಯಲ್ಲಿ ನಾವು ಮನೆಯೊಳಗೆ ಕನ್ನಡ ಆಡುತ್ತೇವೆ, ಹೊಸ್ತಿಲು ದಾಟಿದರೆ ತೆಲುಗು. ತೆಲುಗಿನವರ ಬಾಯಲ್ಲಿ ‘ಸರ್’ ಎನ್ನುವುದು ‘ಸಾರು’ ಆಗುತ್ತದೆ. ನನ್ನ ಮಗಳು ಕಾಲೇಜು ಮುಗಿಸಿ ಪೊಲೀಸ್ ಕಾನ್‌ಸ್ಟೇಬಲ್ ಆಗುತ್ತೇನೆಂದು ಹಟ ಹಿಡಿದು, ದಿನಾ ಬೆಳಗಿನ ಜಾವ ಗ್ರೌಂಡಿಗೆ ಓಡಲು ಹೋಗತೊಡಗಿದಳು. ಅಲ್ಲಿ ಓಟ ಕಲಿಸುವವರು ಎಮ್ಮಿಗನೂರು ಕಡೆಯ ಒಬ್ಬ ನಿವೃತ್ತ ಸೈನಿಕ. ಅವರೇ ಈ ಸಾರು.

‘ಸಾರು ಹೇಳ್ಯಾರ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನಬಾರದಂತ.’ ‘ಸಾರು ಹೇಳ್ಯಾರ, ಚಹಾ ಕಮ್ಮಿ ಮಾಡಬೇಕಂತ.’ ನಾನು ಒಂದೆರಡು ಸಲ ‘ಸಾರು ಒಲಿ ಮ್ಯಾಲೆ ಐತಿ, ಅದು ಏನೂ ಹೇಳಿಲ್ಲ’ ಎಂದು ಚುಚ್ಚಿ ನೋಡಿದೆ. ಅವಳು ನಗಲಿಲ್ಲ. ಓಟಕ್ಕೆ ಬಿದ್ದ ಮೇಲೆ ಅವಳಿಗೆ ನನ್ನ ಯಾವ ಮಾತಿಗೂ ನಗು ಬರುತ್ತಿರಲಿಲ್ಲ.

ನಗು ಬಾರದಿರಲು ಕಾರಣವಿತ್ತು, ಒಪ್ಪುತ್ತೇನೆ. ಬರೆಯುವ ಪರೀಕ್ಷೆಯೆಂದರೆ ಅವಳಿಗೆ ಲೆಕ್ಕಕ್ಕಿಲ್ಲ. ಕಷ್ಟವಿದ್ದದ್ದು ಓಟದಲ್ಲಿ. ದೊಡ್ಡ ಮೈದಾನದ ನಾಲ್ಕು ಸುತ್ತನ್ನು ಅವರು ಕೊಟ್ಟ ಹೊತ್ತಿನೊಳಗೆ ಮುಗಿಸಬೇಕು. ಮೊದಲ ಸಲ ಎಂಟು ಸೆಕೆಂಡಿನಲ್ಲಿ ತಪ್ಪಿತು. ಎಂಟು ಸೆಕೆಂಡಿನಲ್ಲಿ ಹಾಲು ಸಹ ಉಕ್ಕುವುದಿಲ್ಲ. ಅವತ್ತು ಅವಳಪ್ಪ, ‘ಇನ್ನೊಂದು ಸಲ ನೋಡು. ಅದೂ ಆಗಲಿಲ್ಲ ಅಂದ್ರ ನಾವು ತೋರಿಸಿದ ಮನಿಗೆ ಹೂಂ ಅನ್ನಬೇಕು’ ಎಂದರು. ಹತ್ತಿ ವ್ಯಾಪಾರದ ಒಂದು ಮನೆಯವರು ಆಗಲೇ ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದರು. ಮಗಳು ‘ಆತು’ ಎಂದಳು. ಆ ‘ಆತು’ ನನಗೆ ಇವತ್ತಿಗೂ ಕೇಳಿಸುತ್ತದೆ. ಅಲ್ಲಿಂದ ಮುಂದೆ ಅವಳು ತಿಂದದ್ದು, ಮಲಗಿದ್ದು, ಎದ್ದದ್ದು ಎಲ್ಲ ಆ ಎಂಟು ಸೆಕೆಂಡಿಗಾಗಿ.

ಸರಿ, ತಿನ್ನುವ ವಿಷಯಕ್ಕೆ ಬರುತ್ತೇನೆ. ಸುಖವಾಗಿದ್ದ ನಮ್ಮ ಮನೆ ಹಾಳಾದದ್ದು ಅಲ್ಲೇ.

ಸಾರು ಒಂದು ಪಟ್ಟಿ ಬರೆದು ಕಳಿಸಿದ್ದರು, ತೆಲುಗಿನಲ್ಲಿ. ಮೊದಲನೆಯದೇ ಗುಡ್ಡು, ಅಂದರೆ ಮೊಟ್ಟೆ. ನಮ್ಮದು ಲಿಂಗ ಕಟ್ಟುವ ಮನೆ. ಮೊಟ್ಟೆಯ ಹೆಸರು ಕೇಳಿದ್ದೇ ನಮ್ಮ ಅತ್ತೆ ದೇವರ ಮನೆ ಸೇರಿ ಬಾಗಿಲು ಹಾಕಿಕೊಂಡರು. ಮೊಟ್ಟೆ ಹೊಡೆದುಹಾಕಿ ಮುಂದೆ ಓದಿದೆ. ನೆನೆಸಿದ ಶೇಂಗಾ, ಮೊಳಕೆ ಬಂದ ಹೆಸರುಕಾಳು, ಹಾಲು, ಬಾಳೆಹಣ್ಣು, ರಾಗಿ ಜಾವ ಎಂದರೆ ರಾಗಿ ಗಂಜಿ, ಕೊರ್ರಲು. ಇದನ್ನು ಬರೆಯಲು ಸೈನ್ಯಕ್ಕೆ ಹೋಗಿ ಬರಬೇಕಾಗಿತ್ತೇ? ಕೊರ್ರಲು ಎಂದರೆ ನವಣೆ. ನಮ್ಮ ಅತ್ತೆಯ ತವರು ಸಿ. ಬೆಳಗಲ್ ಕಡೆ. ಅಲ್ಲಿಂದ ಬಂದ ನವಣೆ ಡಬ್ಬಿಯಲ್ಲಿ ತುಂಬಿಕೊಂಡು ಕೂತಿತ್ತು. ಹಿಂದೆ ನಾನು ನವಣೆ ಅನ್ನ ಮಾಡಿದಾಗಲೆಲ್ಲ ಈ ಹುಡುಗಿ ಮೂಗು ಮುರಿದು, ‘ಗುಬ್ಬಿಗೆ ಹಾಕು’ ಎಂದಿದ್ದಳು. ಈಗ ಅದಕ್ಕೆ ಕೊರ್ರಲು ಎಂದ ಕೂಡಲೇ ತಟ್ಟೆ ಮುಂದೆ ಬಂದು ಕೂತಳು. ಅದೇ ನವಣೆ, ಅದೇ ಪಾತ್ರೆ, ಅದೇ ಅವ್ವ! ನನಗೆ ಮೈಯೆಲ್ಲ ಉರಿಯಿತು.

ಇಷ್ಟಕ್ಕೇ ನಿಲ್ಲಲಿಲ್ಲ. ಫೋನಿನಲ್ಲಿ ಯಾರೋ ತೋಳು ತೋರಿಸಿಕೊಂಡು ಮಾತಾಡುವುದನ್ನು ನೋಡಿ ಒಂದು ದೊಡ್ಡ ಡಬ್ಬಿ ಪ್ರೋಟೀನ್ ಪುಡಿ ತಂದಳು. ಆಮೇಲೆ ಬಾಟಲಿಯಲ್ಲಿ ತುಂಬಿದ ಶೇಂಗಾ ಬೆಣ್ಣೆ. ಆದೋನಿಯಲ್ಲಿ ಹುಟ್ಟಿ, ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ರಾಶಿಗಳ ನಡುವೆ ಕಣ್ಣಾಮುಚ್ಚಾಲೆ ಆಡಿ ಬೆಳೆದವಳು, ಎಲ್ಲೋ ಅರೆದು ಸಕ್ಕರೆ ಬೆರೆಸಿದ ಶೇಂಗಾವನ್ನು ಚಮಚದಲ್ಲಿ ನೆಕ್ಕುತ್ತಿದ್ದಳು. ನಾನು ಶೇಂಗಾ ಹುರಿದು, ಬೆಲ್ಲ ಹಾಕಿ ಕುಟ್ಟಿ, ಉಂಡೆ ಕಟ್ಟಿ ಅವಳ ಮುಂದೆ ಕುಕ್ಕಿದೆ. ಪುಡಿಯ ಡಬ್ಬಿಯನ್ನು ಮುಗಿಸಿದ್ದು ನಮ್ಮ ಅತ್ತೆ. ಹಾರ್ಲಿಕ್ಸಿನಂಥದ್ದೇನೋ ಎಂದುಕೊಂಡು ನಾಲ್ಕು ದಿನ ಹಾಲಿಗೆ ಹಾಕಿ ಕುಡಿದರು. ಐದನೆಯ ದಿನ ಹೊಟ್ಟೆ ಉಬ್ಬರಿಸಿಕೊಂಡು, ‘ಇದನ್ನ ಕುಡುದು ಮಂದಿ ಓಡ್ತಾರಂತ, ನನಗ ಕೂತಲ್ಲಿಂದ ಏಳಾಕ ಬರವಲ್ದು’ ಎಂದರು.

ನನ್ನ ನಂಬಿಕೆ ಬೇರೆ. ಓಡುವವರಿಗೆ, ಹೊಲದಲ್ಲಿ ದುಡಿಯುವವರಿಗೆ ಹುರುಳಿಗಿಂತ ಮೇಲಾದದ್ದು ನಮ್ಮ ಕಡೆ ಇನ್ನೊಂದಿಲ್ಲ. ಕುದುರೆಗೆ ಹಾಕುವುದು ಅದನ್ನೇ. ರಾತ್ರಿ ನೆನೆಸಿ, ಬೇಯಿಸಿ, ಕಟ್ಟು ಬಸಿದು, ಬೆಳ್ಳುಳ್ಳಿ, ಹುಣಸೆಹುಳಿ, ಜೀರಿಗೆ ಹಾಕಿ ಕುದಿಸುತ್ತೇನೆ. ಬೆಂದ ಕಾಳಿನಲ್ಲಿ ಅರ್ಧವನ್ನು ಅರೆದು ಸಾರಿಗೇ ಬೆರೆಸುತ್ತೇನೆ, ಉಳಿದರ್ಧ ಪಲ್ಯ. ಎರಡು ಜೋಳದ ರೊಟ್ಟಿ ಮುರಿದು ಆ ಸಾರಿನಲ್ಲಿ ನೆನೆಸಿ ಉಂಡರೆ ಮರುದಿನ ಮಧ್ಯಾಹ್ನದವರೆಗೆ ಹಸಿವೆಯ ನೆನಪಾಗುವುದಿಲ್ಲ. ಸೋಮವಾರ ರಾತ್ರಿ ನಮ್ಮ ಮನೆಯಲ್ಲಿ ಇದೇ ಅಡಿಗೆ.

ಸೋಮವಾರವೇ ಏಕೆಂದರೆ ಅವತ್ತು ಮಗಳ ಒಪ್ಪತ್ತು. ಮೊದಲ ಸಲ ಓಟ ತಪ್ಪಿದಾಗ ನಾನು ಅವಳನ್ನು ಈಶ್ವರನ ಗುಡಿಗೆ ಕರೆದುಕೊಂಡು ಹೋಗಿ, ‘ಓಟದಾಗ ಪಾಸ್ ಆಗೋತನಕ ಈಕಿ ಸೋಮವಾರ ಒಪ್ಪತ್ತು ಇರ್ತಾಳ’ ಎಂದು ಹರಕೆ ಹೊತ್ತಿದ್ದೆ. ಅವಳನ್ನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಹಗಲೆಲ್ಲ ಒಂದು ಲೋಟ ಚಹಾ, ರಾತ್ರಿ ದೀಪ ಹಚ್ಚಿದ ಮೇಲೆ ಒಂದು ಊಟ. ಅವಳು ಮರುಮಾತಾಡದೆ ಮಾಡುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಸಾರು ಗಡಿಯಾರ ಹಿಡಿದು ನಾಲ್ಕು ಸುತ್ತು ಓಡಿಸುತ್ತಿದ್ದರು. ಸೋಮವಾರ, ಮಂಗಳವಾರ ಒಂದರ ಪಕ್ಕ ಒಂದು ಇವೆ ಎಂದು ನನ್ನ ತಲೆಗೆ ಯಾಕೆ ಬರಲಿಲ್ಲವೋ ದೇವರೇ ಬಲ್ಲ.

ಹೀಗಿರುವಾಗ ಒಂದು ಭಾನುವಾರ ನಾನು ಶಾಲೆಯ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ನಾನು ಕನ್ನಡ ಮಾಧ್ಯಮದ ಸರಕಾರಿ ಶಾಲೆಯ ಟೀಚರು. ಅತ್ತೆ ಬಂದು ಬಾಗಿಲಲ್ಲಿ ನಿಂತು, ಒಪ್ಪಿಸುವ ಧಾಟಿಯಲ್ಲಿ ಹೇಳಿದರು.

‘ನಿನ್ನ ಮಗಳು ಹೇಳಂದ್ಲು. ಸೋಮವಾರದ್ದು ಸಾರು ಬ್ಯಾಡ ಅಂದಾರ.’

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು. ಚಹಾ ಕಮ್ಮಿ ಎಂದರು, ಸುಮ್ಮನಿದ್ದೆ. ಒಗ್ಗರಣೆ-ಮಿರ್ಚಿ ಬೇಡ ಎಂದರು, ಆಗಲೂ ಸುಮ್ಮನಿದ್ದೆ. ಈಗ ನನ್ನ ಸೋಮವಾರದ ಹುರುಳಿ ಸಾರೂ ಬೇಡವಂತೆ! ಅದೇನು ಮಾಡಿತ್ತು ಅವರಿಗೆ? ಗ್ರೌಂಡಿನಲ್ಲಿ ನಿಂತು ಸೀಟಿ ಊದುವ ಮನುಷ್ಯ ನನ್ನ ಒಲೆಯವರೆಗೆ ಬಂದರಲ್ಲ ಎಂದು ಪಿತ್ತ ನೆತ್ತಿಗೇರಿತು.

‘ಬ್ಯಾಡ ಅಂದ್ರ ಬ್ಯಾಡ ಬಿಡ್ರಿ’ ಎಂದೆ. ಮಗಳನ್ನು ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಹೇಳಬೇಕಾದ್ದನ್ನು ನನಗೆ ಹೇಳದೆ ಅಜ್ಜಿಯ ಕೈಯಲ್ಲಿ ಹೇಳಿ ಕಳಿಸುತ್ತಾಳಲ್ಲ ಎನ್ನುವ ಸಿಟ್ಟು ಬೇರೆ.

ಮರುದಿನ ಸಾರು ಮಾಡಲಿಲ್ಲ. ಕಟ್ಟೇ ಬೇಡವೆಂದ ಮೇಲೆ ಕಾಳು ಯಾಕೆ ಬೇಯಿಸಬೇಕೆಂದು ಪಲ್ಯವನ್ನೂ ಬಿಟ್ಟೆ. ಎರಡು ರೊಟ್ಟಿ, ಕೆಂಪು ಖಾರ, ಒಂದು ಲೋಟ ನೀರು ಮಜ್ಜಿಗೆ. ತಟ್ಟೆ ಇಟ್ಟಾಗ ಮಗಳು ಒಮ್ಮೆ ತಟ್ಟೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ‘ಏನು?’ ಎಂದೆ. ‘ಏನಿಲ್ಲ’ ಎಂದು ತಲೆ ತಗ್ಗಿಸಿ ಉಂಡಳು. ಸಾರು ಬೇಡವೆಂದವಳೇ ಈಗ ಸಾರಿಗಾಗಿ ನನ್ನ ಮುಖ ನೋಡುತ್ತಾಳೆ, ನೋಡಲಿ ಎಂದು ಒಳಗೊಳಗೇ ನನಗೊಂದು ಕೆಟ್ಟ ಸಂತೋಷವಾಯಿತು. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಐದು ಸೋಮವಾರ ಹೀಗೇ ನಡೆಯಿತು. ಐದು ಮಂಗಳವಾರ ಅವಳು ಮನೆಗೆ ಬಂದು, ಬೂಟು ಬಿಚ್ಚಿ, ಗೋಡೆಗೆ ಒರಗಿ ಕೂತಳು. ಉಳಿದ ದಿನ ಹೊತ್ತಿನೊಳಗೆ ಮುಗಿಸುತ್ತಿದ್ದ ಓಟ ಮಂಗಳವಾರ ಮಾತ್ರ ವಾರದಿಂದ ವಾರಕ್ಕೆ ಹಿಂದೆ ಬೀಳುತ್ತಿತ್ತು. ನಾನು ನಿದ್ದೆಯನ್ನು ಬೈದೆ, ಫೋನನ್ನು ಬೈದೆ, ಬೂಟನ್ನು ಸಹ ಬೈದೆ.

ಆರನೆಯ ಮಂಗಳವಾರ ನಾನು ಶಾಲೆಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಾಗ ಬಾಗಿಲಿಗೆ ಆಟೋ ಬಂತು. ಹಿಂದೆಯೇ ಬೈಕಿನಲ್ಲಿ ಸಾರು. ಮಗಳು ಮೂರನೆಯ ಸುತ್ತಿನಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದಿದ್ದಳು. ಮೊಣಕಾಲು ತರಚಿ ರಕ್ತ ಒಸರುತ್ತಿತ್ತು, ತುಟಿ ಬೆಳ್ಳಗಾಗಿತ್ತು. ಅತ್ತೆ ಬೆಲ್ಲದ ನೀರು ಕುಡಿಸಿದರು. ನಾನು ಕಾಲು ತೊಳೆದು ಅರಿಶಿನ ಹಚ್ಚಿದೆ. ಜೀವ ಬಾಯಿಗೆ ಬಂದಿತ್ತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ? ಪಡಸಾಲೆಯಲ್ಲಿ ನಿಂತಿದ್ದ ಸಾರಿನ ಮೇಲೆ ತಿರುಗಿದೆ.

‘ನೋಡ್ರಿ, ನಿಮ್ಮ ಮಾತು ಕೇಳಿ ಕೇಳಿ ಹುಡುಗಿ ಹೆಂಗ ಆಗ್ಯಾಳ!’

ಅವರು ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವವರು. ‘ಅದು ಕಾದು, ಅದಲ್ಲ ಮೇಡಂ, ನಾನು ಆಗಲೇ ವದ್ದು ಅಂತ ಹೇಳಿದ್ನಲ್ಲಾ. ಸೋಮವಾರದ್ದು ಬ್ಯಾಡ ಅಂತ. ನೀವು ಕೇಳಲಿಲ್ಲ’ ಎಂದರು.

‘ಕೇಳೀವ್ರಿ! ನೀವು ಅಂದ ಮರುದಿನಾನೇ ಬಿಟ್ಟೀವಿ. ಐದು ವಾರ ಆತು.’

‘ಬಿಟ್ಟೀರಾ? ಮತ್ತ ನಿನ್ನೆ ರಾತ್ರಿ ತನಕ ಏನೂ ತಿಂದಿಲ್ಲ ಅಂತಾಳ ಈ ಅಮ್ಮಾಯಿ. ಏನು ಬಿಟ್ಟೀರಿ?’

‘ಸಾರು.’

‘ಆ, ಚೆಪ್ಪಂಡಿ ಮೇಡಂ’ ಎಂದು ಅವರು ಒಂದು ಹೆಜ್ಜೆ ಮುಂದೆ ಬಂದು, ಹೇಳಿ ಎನ್ನುವಂತೆ ನನ್ನನ್ನೇ ನೋಡುತ್ತ ನಿಂತರು.

‘ನಿಮ್ಮನ್ನ ಕರೀಲಿಲ್ರಿ. ಸಾರು, ಸಾರು! ಹುರುಳಿ ಸಾರು!’

‘ಉಲವಚಾರಾ?’ ಅವರ ಕಣ್ಣು ಅಗಲವಾಯಿತು. ‘ಅಯ್ಯೋ, ಅದನ್ನ್ಯಾಕ ಬಿಟ್ಟೀರಿ? ಅದರಾಗ ಎಷ್ಟು ಬಲಂ ಐತಿ! ನಾನು ಬಿಡು ಅಂದಿದ್ದು ಒಕ್ಕಪೊದ್ದು ಮೇಡಂ, ಒಪ್ಪತ್ತು. ಹೊಟ್ಟಿ ಖಾಲಿ ಇಟ್ಕೊಂಡು ಓಡಬ್ಯಾಡ ಅಂದೆ.’

ನಾನು ಅತ್ತೆಯ ಕಡೆ ನೋಡಿದೆ. ಅವರು ಸೆರಗು ಸರಿಮಾಡಿಕೊಂಡು, ‘ನನ್ನ ಯಾಕ ನೋಡ್ತೀ? ಆಕಿ ಏನಂದ್ಲೋ ಅದನ್ನ ಹೇಳೀನಿ. ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿಲ್ಲ’ ಎಂದರು.

ನಿಜ. ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಸೋಮವಾರದ್ದು ಸಾರು ಬ್ಯಾಡ ಅಂದಾರ. ಸೋಮವಾರದ ಒಪ್ಪತ್ತು ಬೇಡವೆಂದು ಸಾರು ಹೇಳಿದ್ದಾರೆ ಎಂದು ಮಗಳ ಅರ್ಥ. ಸೋಮವಾರದ ಸಾರು ಬೇಡವೆಂದು ಯಾರೋ ಹೇಳಿದ್ದಾರೆ ಎಂದು ನನ್ನ ಅರ್ಥ. ಇಪ್ಪತ್ತು ವರ್ಷದಿಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಈ ವಾಕ್ಯದಲ್ಲಿ ಕರ್ತೃಪದ ಯಾವುದು, ಕರ್ಮಪದ ಯಾವುದು ಹೇಳು ಎಂದು ಗದರಿಸಿದವಳು ನಾನು. ನನ್ನ ಮನೆಯ ಬಾಗಿಲಿಗೇ ಒಂದು ವಾಕ್ಯ ಬಂದು ನಿಂತಾಗ ಕರ್ತೃವನ್ನು ಹಿಡಿದು ಕರ್ಮದ ಜಾಗದಲ್ಲಿ ಕೂಡಿಸಿ, ಒಲೆಯಿಂದ ಇಳಿಸಿಬಿಟ್ಟಿದ್ದೆ. ನನ್ನ ಕರ್ಮ!

ನಗು ಬರಬೇಕಿತ್ತು. ಸಾರಿಗೆ ಬಂದೂ ಬಿಟ್ಟಿತ್ತು, ಮೀಸೆಯಡಿಯಲ್ಲಿ ತಡೆದುಕೊಂಡಿದ್ದರು. ಅಷ್ಟರಲ್ಲಿ ಮಗಳು ಕೂತಲ್ಲಿಂದಲೇ ಹೇಳಿದಳು.

‘ನಾ ಹೇಳಿ ಕಳಿಸಿದ ಮರುದಿನಾನೇ ನೀನು ಸಾರೂ ಬಂದ್ ಮಾಡಿದಿ, ಪಲ್ಯಾನೂ ಬಂದ್ ಮಾಡಿದಿ. ಹರಕಿ ಬಿಡಂದಿದ್ದಕ್ಕ ಸಿಟ್ಟಿಗೆ ಹಂಗ ಮಾಡಿದಿ ಅಂದ್ಕೊಂಡೆ, ಅವ್ವಾ. ಅದಕ್ಕ ಒಪ್ಪತ್ತೂ ಬಿಡಲಿಲ್ಲ.’

ಅವಳು ಅಳುತ್ತಿರಲಿಲ್ಲ. ಆಗಿದ್ದು ಹೇಳಿದಳು, ಅಷ್ಟೆ. ಐದು ವಾರ ನನ್ನ ಮಗಳು, ತನ್ನ ಅವ್ವ ತನಗೆ ಅನ್ನದಲ್ಲಿ ಶಿಕ್ಷೆ ಕೊಡುತ್ತಿದ್ದಾಳೆ ಎಂದು ನಂಬಿ, ಆ ಒಣ ರೊಟ್ಟಿ ತಿಂದು ಓಡಿದ್ದಳು. ಇನ್ನೂ ಹೆಚ್ಚು ಸುಡುವ ಮಾತೆಂದರೆ, ಅವಳು ನಂಬಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸಿಟ್ಟು ನನಗೆ ಬಂದದ್ದು ನಿಜ. ತಟ್ಟೆಯ ಮೇಲೆ ತೀರಿಸಿಕೊಂಡದ್ದೂ ನಿಜ. ನನಗೆ ಅವತ್ತು ನನ್ನ ಮೇಲೇ ಹೇಸಿಗೆಯಾಯಿತು.

ಸಾರು ಹೋದ ಮೇಲೆ ಹರಕೆಯ ಪ್ರಶ್ನೆ ಉಳಿಯಿತು. ದೇವರಿಗೆ ಕೊಟ್ಟ ಮಾತು, ಓಟಕ್ಕೆ ಇನ್ನು ಒಂದೂವರೆ ತಿಂಗಳಿತ್ತು, ಈಗ ಬಿಟ್ಟರೆ ಹೇಗೆ ಎಂದು ನಾನು ಅಡಿಗೆಮನೆಯಲ್ಲಿ ಗೊಣಗುತ್ತಿದ್ದೆ. ಅವತ್ತು ನಾನು ಶಾಲೆಗೆ ಹೋಗಲಿಲ್ಲ. ಅತ್ತೆ ಶೇಂಗಾ ಸುಲಿಯುತ್ತ ಕೂತವರು ತಲೆ ಎತ್ತದೆ ಕೇಳಿದರು.

‘ಹರಕಿ ಹೊತ್ತಾಕಿ ಯಾರು?’

‘ನಾನ.’

‘ಮತ್ತ ಉಪಾಸ ಆಕಿಗ್ಯಾಕ?’

ಇಷ್ಟು ವರ್ಷ ಆ ಮುದುಕಿಯ ಜೊತೆ ಜಗಳಾಡಿ ಬದುಕಿದ್ದೇನೆ. ಆ ಎರಡು ಪ್ರಶ್ನೆ ಕೇಳಿದ ಮೇಲೆ ಮಾತ್ರ ಅವರ ಪಕ್ಕ ಕೂತು ಶೇಂಗಾ ಸುಲಿದೆ.

ಮುಂದಿನ ಸೋಮವಾರದಿಂದ ಒಪ್ಪತ್ತು ನನ್ನದಾಯಿತು. ಮಗಳು ಓಡುವ ಮೊದಲು ಒಂದು ಬಾಳೆಹಣ್ಣು, ಬಂದ ಮೇಲೆ ನೆನೆಸಿದ ಶೇಂಗಾ, ರಾಗಿ ಜಾವ, ಮಧ್ಯಾಹ್ನ ನವಣೆ ಅನ್ನ, ಬೇಳೆ, ಮೊಸರು, ರಾತ್ರಿ ರೊಟ್ಟಿ, ಪಲ್ಯ, ಹುರುಳಿ ಸಾರು. ನಾನು ಒಂದು ಲೋಟ ಚಹಾ ಕುಡಿದು ಶಾಲೆಗೆ ಹೋದೆ. ಎರಡನೆಯ ಪಿರಿಯಡ್ಡಿಗೆ ತಲೆ ನೋಯತೊಡಗಿತು. ಮೂರನೆಯದಕ್ಕೆ ಕರಿಹಲಗೆಯ ಮೇಲಿನ ಅಕ್ಷರ ತೇಲಿದವು. ಮಧ್ಯಾಹ್ನ ಮಕ್ಕಳ ಬಿಸಿಯೂಟದ ವಾಸನೆ ಬಂದಾಗ ಕಾರಣವಿಲ್ಲದೆ ಒಂದಿಡೀ ತರಗತಿಯನ್ನು ಬೈದೆ. ನಾನು ಅವತ್ತು ಮಾಡಿದ ಕೆಲಸವಾದರೂ ಏನು? ಕುರ್ಚಿಯಿಂದ ಹಲಗೆಗೆ, ಹಲಗೆಯಿಂದ ಕುರ್ಚಿಗೆ ನಡೆದದ್ದು. ಆ ಹುಡುಗಿ ಇದೇ ಹೊಟ್ಟೆ ಕಟ್ಟಿಕೊಂಡು ಸುತ್ತು ಹಾಕುತ್ತಿದ್ದಳು. ನನಗೆ ಬೈಯಲು ಅವತ್ತು ಬೇರೆ ಯಾರೂ ಸಿಗಲಿಲ್ಲ, ನನ್ನನ್ನೇ ಬೈದುಕೊಂಡೆ.

ಇಷ್ಟೆಲ್ಲ ಆದ ಮೇಲೆ, ಇನ್ನು ಮುಂದೆ ಈ ಮನೆಯಲ್ಲಿ ಓಟದವರನ್ನು ‘ಮೇಷ್ಟ್ರು’ ಎನ್ನಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಒಬ್ಬರೂ ಕೇಳಲಿಲ್ಲ.

ಓಟದ ಪತ್ರ ಬಂತು. ಕರ್ನೂಲಿನಲ್ಲಿ, ಸೋಮವಾರ. ದೇವರಿಗೂ ತಮಾಷೆ ಮಾಡಲು ನಾನೇ ಬೇಕು. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದೆವು. ನಸುಕಿನಲ್ಲೇ ಅವಳನ್ನು ಗೇಟಿನವರೆಗೆ ಬಿಟ್ಟೆ. ಒಳಗೆ ಫೋನು ಒಯ್ಯುವಂತಿಲ್ಲ, ನಾವು ಒಳಗೆ ಹೋಗುವಂತಿಲ್ಲ. ಗೋಡೆಯ ಆಚೆ ಸೀಟಿ ಕೇಳಿಸುತ್ತಿತ್ತು, ಕಾಣುತ್ತಿದ್ದದ್ದು ಗೋಡೆ ಮಾತ್ರ. ನನ್ನಂಥ ತಾಯಂದಿರು ಸಾಲಾಗಿ ಕೂತಿದ್ದರು, ಎಲ್ಲರ ಮಡಿಲಲ್ಲೂ ಒಂದೊಂದು ಟಿಫಿನ್ ಡಬ್ಬಿ. ನನ್ನದರಲ್ಲಿ ಶೇಂಗಾ ಉಂಡೆ, ಬಾಳೆಹಣ್ಣು. ಒಪ್ಪತ್ತಾದ್ದರಿಂದ ನನ್ನ ಹೊಟ್ಟೆಯಲ್ಲಿ ಬೆಳಗಿನ ಚಹಾ ಬಿಟ್ಟರೆ ಏನೂ ಇರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಬಿಸಿಲು ಕಾಲ ಬುಡಕ್ಕೆ ಬಂತು. ಪಕ್ಕದವಳು ತಾನಾಗಿ, ‘ಯಾಕವ್ವಾ, ಮಾರಿ ಹಂಗ ಆಗೇತಿ?’ ಎಂದು ಕೇಳಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಓಟ ಮುಗಿಸಿದವರನ್ನು ಇನ್ನೊಂದು ಗೇಟಿನಿಂದ ಬಿಡುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಈ ಗೇಟಿಗೆ ಕಣ್ಣು ನೆಟ್ಟು ಕೂತಿದ್ದರೆ ಅವಳು ಬೆನ್ನ ಹಿಂದಿನ ರಸ್ತೆಯಿಂದ ನಡೆದು ಬಂದಳು. ಮೆಲ್ಲಗೆ, ಕಾಲೆಳೆಯುತ್ತ. ಅವಳ ಹಿಂದೆ ಸ್ವಲ್ಪ ದೂರದಲ್ಲಿ ಸಾರು. ಅಂದರೆ ಮೊದಲು ಅವರನ್ನು ಕಂಡು, ಅವರಿಗೆ ಹೇಳಿ, ಆಮೇಲೆ ಅವ್ವ! ಬೈಯಲು ಎದ್ದು ನಿಂತೆ. ಎದ್ದದ್ದೇ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದುಕೊಂಡೆ. ಅವಳು ಓಡಿ ಬಂದು ನನ್ನ ತೋಳು ಹಿಡಿದು ಕೂರಿಸಿದಳು.

‘ಏನಾತು? ಏನಾತು ಹೇಳ!’ ಎಂದೆ.

ಅವಳು ನನ್ನ ಮಡಿಲಿನ ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಒಂದು ಉಂಡೆ ನನ್ನ ಬಾಯಿಯ ಹತ್ತಿರ ಹಿಡಿದಳು.

‘ತಿನ್ನು.’

‘ಇವತ್ತ ಸೋಮವಾರ ಐತಿ. ನೀ ಮೊದ್ಲ ಏನಾತು ಹೇಳ್ತೀಯೋ ಇಲ್ಲೋ?’

ಅವಳ ಮುಖದ ಮೇಲೆ ಬೆವರು ಒಣಗಿ ಉಪ್ಪು ಕಟ್ಟಿತ್ತು. ಎರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ನೋಡಿ ನಕ್ಕಳು.

‘ಅದನ್ನ ಹೇಳಾಕತ್ತೀನಿ, ಅವ್ವಾ. ಸೋಮವಾರದ್ದು ಸಾರು ಬ್ಯಾಡ ಅಂದಾರ.’

ಈ ಸಲ ಕರ್ತೃ ಯಾರು, ‘ಪಾಸ್ ಆಗೋತನಕ’ ಎಂದು ಹೊತ್ತ ಹರಕೆ ಮುಗಿದದ್ದು ಯಾಕೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ಕರ್ತೃ ಹತ್ತು ಹೆಜ್ಜೆ ಆಚೆ, ಬೇವಿನ ಮರದ ಕೆಳಗೆ, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ನಾನು ಬಾಯಿ ತೆರೆದೆ. ಮಗಳು ಉಂಡೆ ಇಟ್ಟಳು. ಬೆಲ್ಲ ಸ್ವಲ್ಪ ಕಡಿಮೆಯಾಗಿತ್ತು.